ನ್ಯೂಯಾರ್ಕ್‌ನಲ್ಲಿ ಗಂಡ ಕಾರ್ ಓಡಿಸ್ತಿದ್ದು ಹೆಂಡತಿಗೆ ಏಟಾದ್ರೆ ಇನ್ಶೂರೆನ್ಸ್ ಕೊಡತ್ತಾ?

ಲೈಸೆನ್ಸ್ ಹೇಗೆ ತಗೊಳ್ಳೋದು, ಯಾವ ಕಂಪನಿ ಚೀಪು, ಇದೆಲ್ಲ ನಿಮ್ಮ ವಾಟ್ಸಾಪ್ ಗ್ರೂಪಲ್ಲೇ ಸಿಗತ್ತೆ, ಅದನ್ನ ಬಿಡ್ತೀನಿ. ನ್ಯೂಯಾರ್ಕ್ ರಾಜ್ಯದಲ್ಲಿರೋ ಮದುವೆಯಾದೋರು ತಮ್ಮ ಪಾಲಿಸಿಯ ಡೆಕ್ಲರೇಷನ್ಸ್ ಪೇಜ್ (ಯಾವ ಕವರೇಜ್, ಎಷ್ಟು ಲಿಮಿಟ್ ಅಂತ ಪಟ್ಟಿ ಮಾಡಿರೋ ಪುಟ) ತೆಗೆದು, ಅದ್ರಲ್ಲಿ ಸಪ್ಲಿಮೆಂಟಲ್ ಸ್ಪೌಸಲ್ ಲಯಬಿಲಿಟಿ (ಗಂಡನ ತಪ್ಪಿಂದ ಹೆಂಡತಿಗೆ, ಹೆಂಡತಿ ತಪ್ಪಿಂದ ಗಂಡನಿಗೆ ಏಟಾದ್ರೆ ಕೊಡೋ ಕವರೇಜ್) ಅಂತ ಇದೆಯಾ ನೋಡಿ. ಇಲ್ಲ ಅಂದ್ರೆ ಮುಂದೆ ಓದಿ.

ನೀವು ಗಾಡಿ ಓಡಿಸ್ತಾ ತಪ್ಪು ಮಾಡಿ ಯಾರಿಗಾದ್ರೂ ಏಟಾದ್ರೆ ನಿಮ್ಮ ಲಯಬಿಲಿಟಿ ಇನ್ಶೂರೆನ್ಸ್ ಕೊಡತ್ತೆ, ಹಿಂದಿನ ಸೀಟಲ್ಲಿ ಕೂತ ಸ್ನೇಹಿತನಿಗೂ ಕೊಡತ್ತೆ, ಹಾಸನದಿಂದ ಬಂದಿರೋ ಅತ್ತೆಗೂ ಕೊಡತ್ತೆ, ಮಕ್ಕಳಿಗೂ ಕೊಡತ್ತೆ. ಪಕ್ಕದಲ್ಲೇ ಕೂತಿರೋ ಹೆಂಡತಿಗೆ ಮಾತ್ರ ಇಲ್ಲ! ಹೆಂಡತಿ ಓಡಿಸಿದ್ರೆ ಗಂಡನಿಗೂ ಅಷ್ಟೇ. ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ಇಂಥ ಕೇಸ್ ಹಾಕಬಹುದು ಅಂತ 1937ರಲ್ಲಿ ಕಾನೂನು ಬಂತು, ಅದರ ಜೊತೆಗೇ ಇಬ್ಬರೂ ಸೇರ್ಕೊಂಡು ಕಂಪನಿಗೆ ಟೋಪಿ ಹಾಕ್ತಾರೆ ಅನ್ನೋ ಗುಮಾನಿಗೆ ಈ ಕವರೇಜ್ ತೆಗೆದುಬಿಟ್ರು. ಸಾಮಾನ್ಯ ಪಾಲಿಸಿಯಲ್ಲಿ ಅದು ಇವತ್ತಿಗೂ ಹಾಗೇ ಇದೆ, ಬೇಕಂದ್ರೆ ಮೇಲೆ ಹೇಳಿದ ಸ್ಪೌಸಲ್ ಕವರೇಜ್ ಇರಬೇಕು.

ನೋ ಫಾಲ್ಟ್ ಇದೆಯಲ್ಲ ಅಂತೀರಿ. ಇದೆ, ಮತ್ತೆ ಒಳ್ಳೇದೇ ಇದೆ. ತಪ್ಪು ಯಾರದ್ದೇ ಆಗಿರ್ಲಿ ತಲೆಗೆ 50,000 ಡಾಲರ್‌ವರೆಗೆ ಎಲ್ಲ ಸೇರಿ ಕೊಡತ್ತೆ: ಆಸ್ಪತ್ರೆ ಖರ್ಚು, ಸಂಬಳ ಹೋದ್ರೆ ಅದರ 80% (ತಿಂಗಳಿಗೆ 2,000 ಡಾಲರ್ ಮೀರದ ಹಾಗೆ, ಮೂರು ವರ್ಷದವರೆಗೆ), ಜೊತೆಗೆ ಬೇರೆ ಖರ್ಚಿಗೆ ದಿನಕ್ಕೆ 25 ಡಾಲರ್‌ವರೆಗೆ ಒಂದು ವರ್ಷ. ಎಚ್ 4 ವೀಸಾ (ಎಚ್ 1ಬಿ ಮೇಲೆ ಕೆಲಸ ಮಾಡೋರ ಗಂಡ ಅಥವಾ ಹೆಂಡತಿಗೆ ಸಿಗೋದು) ಮೇಲಿದ್ದು ಕೆಲಸ ಇಲ್ಲದೋರಿಗೆ ಸಂಬಳದ ಭಾಗ ಸೊನ್ನೆ, ಆದ್ರೆ ಕೈ ಮುರ್ಕೊಂಡಾಗ ಮನೆಕೆಲಸಕ್ಕೆ ಜನ ಇಟ್ಕೊಂಡ್ರೆ ಅದನ್ನ ಆ 25 ಡಾಲರಲ್ಲಿ ಕೇಳಬಹುದು, ರಸೀದಿ ಇಟ್ಕೊಳ್ಳಿ. ಆಕ್ಸಿಡೆಂಟ್ ಆದ 30 ದಿನದೊಳಗೆ ಕಂಪನಿಗೆ ಬರವಣಿಗೆಯಲ್ಲಿ ತಿಳಿಸ್ಬೇಕು, ಇದನ್ನ ಮರೀಬೇಡಿ. ನೋವಿಗೆ ಪರಿಹಾರ ಅಂತ ನೋ ಫಾಲ್ಟಲ್ಲಿ ಒಂದು ಪೈಸೆನೂ ಇಲ್ಲ, ಮತ್ತೆ ಒಂದು ಸರ್ಜರಿ, ನಾಕು ದಿನ ಆಸ್ಪತ್ರೆ, ಫಿಸಿಯೋ ಅಂದ್ರೆ ಈ ದೇಶದಲ್ಲಿ 50,000 ಎಲ್ಲಿಗೆ ಸಾಕು.

ನಮ್ಮ ಪರಿಚಯದವರೊಬ್ಬರು ಪೊಕಿಪ್ಸಿ ಕಡೆ ಇದ್ದಾರೆ. ಹುಡುಗ ಬ್ಯಾಚುಲರ್ ಆಗಿದ್ದಾಗ ಕಾರ್ ತಗೊಂಡು ಆನ್‌ಲೈನಲ್ಲಿ ಪಾಲಿಸಿ ಮಾಡಿಸಿದ್ದ, ಮೆರೈಟಲ್ ಸ್ಟೇಟಸ್ ಅನ್ನೋ ಕಡೆ ಸಿಂಗಲ್. ಆಮೇಲೆ ಊರಿಗೆ ಹೋಗಿ ಮದುವೆ ಆಗಿ ಬಂದ, ಬ್ಯಾಂಕಲ್ಲಿ ಹೆಂಡತಿ ಹೆಸರು ಸೇರಿಸ್ದ, ಲೀಸಲ್ಲಿ ಸೇರಿಸ್ದ, ಪಾಲಿಸಿ ಮಾತ್ರ ಹಾಗೇ ರಿನ್ಯೂ ಆಗ್ತಾ ಹೋಯ್ತು. ಜನವರಿಯಲ್ಲಿ ಐಸ್ ಮೇಲೆ ಕಾರ್ ಜಾರಿ ಗಾರ್ಡ್‌ರೇಲಿಗೆ ಹೊಡೀತು, ಎದುರಿಗೆ ಬೇರೆ ಗಾಡಿ ಇಲ್ಲ. ಹುಡುಗಿಗೆ ಮಣಿಕಟ್ಟಿನ ಮೂಳೆ ಮುರಿದು ಪ್ಲೇಟ್ ಹಾಕಿದ್ರು. ನೋ ಫಾಲ್ಟ್ ದುಡ್ಡು ಮುಗಿದ ಮೇಲೆ ಲಯಬಿಲಿಟಿ ಕ್ಲೇಮ್ ಅಂದ್ರೆ ಕಂಪನಿ ಒಂದೇ ಪುಟದ ಕಾಗದ ಕಳಿಸ್ತು, ಸ್ಪೌಸಲ್ ಕವರೇಜ್ ಇಲ್ಲ, ಆಗಲ್ಲ. ಎದುರಿನವರ ಇನ್ಶೂರೆನ್ಸ್ ಇಲ್ಲದಿದ್ರೆ ಅಥವಾ ಸಾಲದಿದ್ರೆ ನಮ್ಮ ಪಾಲಿಸಿಯೇ ಕೊಡೋ, ಸಮ್ (SUM) ಅಂತ ಕರೆಯೋ ಅಂಡರ್‌ಇನ್ಶೂರ್ಡ್ ಕವರೇಜ್ ಕೇಳೋಣ ಅಂದ್ರೆ ತಮ್ಮದೇ ಗಾಡಿಗೆ ಅದೂ ನಡೆಯಲ್ಲ. ಉಳಿದ ಬಿಲ್ಲೆಲ್ಲ ಹೆಲ್ತ್ ಇನ್ಶೂರೆನ್ಸಿಗೆ ಹೋಗಿ ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡೋಕೆ ಮುಂಚೆ ನಾವೇ ಭರಿಸೋ ಪಾಲು) ಕೈಯಿಂದ ಕಟ್ಟಿದ್ರು.

2023ರ ಆಗಸ್ಟ್ 1ರಿಂದ ಕಾನೂನು ಬದಲಾಗಿದೆ. ಅಲ್ಲಿವರೆಗೂ ಸ್ಪೌಸಲ್ ಕವರೇಜ್ ಕೇಳಿದೋರಿಗೆ ಮಾತ್ರ ಕೊಡ್ತಿದ್ರು, ಈಗ ಪಾಲಿಸಿ ತಗೊಳ್ಳೋವಾಗ ಮದುವೆಯಾಗಿದೆ ಅಂತ ಹೇಳಿದೋರಿಗೆ ಅದು ತಾನಾಗೇ ಸೇರತ್ತೆ, ಬೇಡ ಅಂತ ಬರೆದುಕೊಟ್ರೆ ಮಾತ್ರ ತೆಗೀತಾರೆ. ಒಳ್ಳೇ ಬದಲಾವಣೆ. ಆದ್ರೆ ಹಳೇ ಪಾಲಿಸಿ, ಅದ್ರಲ್ಲೂ ಸಿಂಗಲ್ ಅಂತ ಬರೆಸಿರೋ ಪಾಲಿಸಿ ಇಟ್ಕೊಂಡು ನಂಗೂ ಬಂದಿರತ್ತೆ ಅಂತ ನಿಶ್ಚಿಂತೆಯಾಗಿ ಕೂರ್ಬೇಡಿ. ಫೋನ್ ಮಾಡಿ ಕೇಳಿ, ಹಾಕಿಸಿ, ಹೊಸ ಡೆಕ್ಲರೇಷನ್ಸ್ ಪೇಜ್ ಈಮೇಲಲ್ಲಿ ತರಿಸ್ಕೊಳ್ಳಿ. ಪ್ರೀಮಿಯಂ ಇಳಿಸೋಕೆ ಏಜೆಂಟ್ ಇದನ್ನ ತೆಗೆದುಬಿಡಿ ಅಂದ್ರೆ ತೆಗೀಬೇಡಿ, ಬೇಕಿದ್ರೆ ಕೊಲಿಷನ್ (ಡಿಕ್ಕಿಯಾದ್ರೆ ಸ್ವಂತ ಕಾರಿನ ರಿಪೇರಿಗೆ ಕೊಡೋ ಕವರೇಜ್) ಡಿಡಕ್ಟಿಬಲ್ ಜಾಸ್ತಿ ಮಾಡಿ.

ಇನ್ನೊಂದು, ಈ ಕವರೇಜ್ ಬೇರೆ ದುಡ್ಡಲ್ಲ, ನಿಮ್ಮ ಲಯಬಿಲಿಟಿ ಲಿಮಿಟ್ ಎಷ್ಟೋ ಅಷ್ಟೇ. ರಾಜ್ಯದ ಕನಿಷ್ಠ ಒಬ್ಬರಿಗೆ 25,000, ಒಂದು ಆಕ್ಸಿಡೆಂಟಿಗೆ 50,000. ಇಷ್ಟಿಟ್ಕೊಂಡು ಓಡಾಡೋದು ನನ್ನ ಪ್ರಕಾರ ಹುಚ್ಚು, 100/300 (ಒಬ್ಬರಿಗೆ 1,00,000, ಒಂದು ಆಕ್ಸಿಡೆಂಟಿಗೆ 3,00,000 ಡಾಲರ್) ಆದ್ರೂ ಇರ್ಲಿ.

ಊರಿನ ಜೊತೆ ಹೋಲಿಸಿದ್ರೆ, ಅಲ್ಲಿ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ರೆ ಕಾರಲ್ಲಿ ಕೂತೋರಿಗೆ ಏನೂ ಇಲ್ಲ, ಪ್ಯಾಕೇಜ್ (ಕಾಂಪ್ರಹೆನ್ಸಿವ್) ಪಾಲಿಸಿ ಇದ್ರೆ ಉಂಟು ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಹೆಂಡತಿ ಅಂತ ಬೇರೆ ತಟ್ಟೆ ಇಡಲ್ಲ, ಆ ವಿಷ್ಯದಲ್ಲಿ ನಮ್ಮೂರಿನದೇ ವಾಸಿ. ಆದ್ರೆ ಟ್ರಿಬ್ಯೂನಲಲ್ಲಿ ವರ್ಷಗಟ್ಲೆ ಅಲೀಬೇಕು, ಆಸ್ಪತ್ರೆ ಬಿಲ್ ವಿಷಯದಲ್ಲಿ ಇಲ್ಲಿನ ನೋ ಫಾಲ್ಟೇ ಮೇಲು.

"ಗಂಡನ ಮೇಲೆ ಕೇಸ್ ಹಾಕೋದಾ, ಜನ ಏನಂತಾರೆ" ಅಂತ ತುಂಬಾ ಜನ ಹಿಂಜರೀತಾರೆ. ಕಾಗದದ ಮೇಲೆ ಗಂಡನ ಹೆಸರು, ಲಿಮಿಟ್ಟಿನೊಳಗೆ ಕೊಡೋದು ಕಂಪನಿ, ಅಷ್ಟೇ ಕಣ್ರೀ. ಸುಮ್ನೆ ಕತ್ತು ನೋವು ಅಂದ್ರೆ ಸಾಲಲ್ಲ, ಗಂಭೀರ ಗಾಯ ಅಂತ ತೋರಿಸ್ಬೇಕು (ಮೂಳೆ ಮುರಿದಿದ್ರೆ ಅದು ಗಂಭೀರ ಗಾಯನೇ), ಓಡಿಸಿದೋರದ್ದು ತಪ್ಪು ಅಂತಲೂ ತೋರಿಸ್ಬೇಕು, ಕೇಸ್ ಹಾಕೋಕೆ ಸಾಮಾನ್ಯವಾಗಿ ಮೂರು ವರ್ಷ ಟೈಮಿದೆ. ದುಡ್ಡು ಉಳಿಯತ್ತೆ ಅಂತ ಇಬ್ಬರೂ ಒಬ್ಬನೇ ಲಾಯರ್ ಹತ್ರ ಹೋಗ್ಬೇಡಿ, ಹೆಂಡತಿ ಪರ ಇರೋನು ಅದೇ ಕೇಸಲ್ಲಿ ಗಂಡನ ಪರ ನಿಲ್ಲೋ ಹಾಗಿಲ್ಲ. ಗಂಡನಿಗೆ ಲಾಯರ್ ಇಡೋದು ಕಂಪನಿ ಕೆಲಸ, ಖರ್ಚೂ ಅವರದ್ದೇ.