ಫ್ಯಾಕ್ಟರಿ ಮುಚ್ಚಿದಾಗ ರಾಜೀನಾಮೆ ಬರೆದುಕೊಡಬೇಡಿ

ಹೊರದೇಶದ ಅಗ್ಗದ ಮಾಲು ಬಂದು ಆರ್ಡರ್ ನಿಂತು, ಫ್ಯಾಕ್ಟರಿ ಬಾಗಿಲು ಹಾಕಿದರೆ ಕೆಲಸಗಾರರಿಗೆ ಏನು ಸಿಗುತ್ತದೆ? ಅಮೆರಿಕದಲ್ಲಿ ಇದಕ್ಕೆಂದೇ 1962ರಲ್ಲಿ ಒಂದು ಯೋಜನೆ ಶುರುವಾಗಿತ್ತು. 2022ರ ಜುಲೈಯಿಂದ ಅಲ್ಲೂ ಹೊಸಬರಿಗೆ ಬಾಗಿಲು ಮುಚ್ಚಿದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಯೋಜನೆ ಇಲ್ಲ. ಆಮದಿನ ಮೇಲೆ ಆ್ಯಂಟಿ ಡಂಪಿಂಗ್ ಸುಂಕ (ತೀರಾ ಅಗ್ಗಕ್ಕೆ ತಂದು ಸುರಿಯುವ ಮಾಲಿನ ಮೇಲಿನ ಹೆಚ್ಚುವರಿ ತೆರಿಗೆ) ಹಾಕಿದರೂ ಅದು ಕಾಯುವುದು ಕಂಪನಿಯನ್ನು. ಕೆಲಸ ಹೋದವರ ಕೈಗೆ ಅದರಿಂದ ಒಂದು ರೂಪಾಯಿ ಬರುವುದಿಲ್ಲ. ನಮ್ಮವರು ನಾಲ್ಕು ಕಡೆಯಿಂದ ಕೂಡಿಸಿಕೊಳ್ಳಬೇಕು: ಪರಿಹಾರ, ಗ್ರಾಚ್ಯುಟಿ (ಸೇವೆಯ ವರ್ಷಕ್ಕೆ ತಕ್ಕಂತೆ ಮಾಲೀಕರು ಕೊಡುವ ಇಡಿಗಂಟು), ಇಎಸ್‌ಐ (ಕಾರ್ಮಿಕರ ವಿಮೆ) ಭತ್ಯೆ, ಪಿಎಫ್ (ಭವಿಷ್ಯ ನಿಧಿ).

ಮೊದಲು ಕಾಗದ ಕೂಡಿಡಿ. ನೇಮಕದ ಪತ್ರ, ಸಂಬಳದ ಚೀಟಿಗಳು, ಇಎಸ್‌ಐ ಕಾರ್ಡ್, ಯುಎಎನ್ (ಪಿಎಫ್ ಖಾತೆಯ) ನಂಬರ್, ಬ್ಯಾಂಕ್ ಪಾಸ್‌ಬುಕ್. ಗೇಟಿಗೆ ಬೀಗ ಬೀಳುವ ಮೊದಲೇ.

ಎರಡನೆಯದು ಸಹಿ. ಜನ ಎಡವುವುದು ಇಲ್ಲೇ. ನಾನು ನೋಡಿದ ಒಂದು ಹೊಲಿಗೆ ಫ್ಯಾಕ್ಟರಿಯಲ್ಲಿ ಕೊನೆಯ ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಟೈಪ್ ಮಾಡಿಟ್ಟ ಹಾಳೆಗೆ ಸಹಿ ಹಾಕಿಸಿಕೊಂಡರು. ‘ಸೆಟ್ಲ್‌ಮೆಂಟ್ ಬೇಗ ಆಗುತ್ತೆ, ಹಾಕಮ್ಮಾ’ ಎಂದರು. ಹಾಳೆಯಲ್ಲಿ ಇದ್ದದ್ದು ‘ಸ್ವಂತ ಕಾರಣಕ್ಕೆ ಕೆಲಸ ಬಿಡುತ್ತಿದ್ದೇನೆ’ ಎಂಬ ಒಂದೇ ಸಾಲು. ಆ ಒಂದು ಸಾಲಿಗೆ ಪರಿಹಾರವೂ ಹೋಯಿತು, ಇಎಸ್‌ಐ ಭತ್ಯೆಯೂ ಹೋಯಿತು. ಹದಿನೈದು ವರ್ಷ ಮೆಷಿನ್ ತುಳಿದ ಹೆಣ್ಣುಮಕ್ಕಳು ಬರಿಗೈಯಲ್ಲಿ ಮನೆಗೆ ನಡೆದರು.

ಆದ್ದರಿಂದ ಹಾಳೆ ಓದದೆ ಪೆನ್ನು ಮುಟ್ಟಬೇಡಿ. ಓದಲು ಬಾರದಿದ್ದರೆ ಮನೆಗೆ ಕೊಂಡೊಯ್ದು ಓದಿಸುತ್ತೇನೆ ಎನ್ನಿ. ಹಣ ಕೊಟ್ಟರೆ, ಎಷ್ಟು, ಯಾವುದರ ಬಾಬ್ತು ಎಂದು ಬರೆದಿರುವ ರಸೀದಿಗೆ ಮಾತ್ರ ಸಹಿ ಹಾಕಿ. ‘ಫುಲ್ ಆ್ಯಂಡ್ ಫೈನಲ್’ (ಇನ್ನೇನೂ ಬಾಕಿ ಇಲ್ಲ) ಎಂದು ಇದ್ದು ಲೆಕ್ಕ ಸರಿ ಕಾಣದಿದ್ದರೆ, ಸಹಿಯ ಮೇಲೆ ‘ನನ್ನ ಆಕ್ಷೇಪಕ್ಕೆ ಒಳಪಟ್ಟು ಪಡೆದಿದ್ದೇನೆ’ ಎಂದು ಕನ್ನಡದಲ್ಲೇ ಬರೆಯಿರಿ. ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳಿ. ರಾಜೀನಾಮೆಗೆ ಆಗಲೇ ಸಹಿ ಹಾಕಿದ್ದರೆ ತಡಮಾಡದೆ ಲೇಬರ್ ಆಫೀಸರ್‌ಗೆ ಲಿಖಿತ ದೂರು ಕೊಡಿ, ಸಾಧ್ಯವಾದರೆ ಎಲ್ಲರೂ ಒಟ್ಟಿಗೆ.

ಮೂರನೆಯದು ಪರಿಹಾರದ ಲೆಕ್ಕ. ಒಂದು ವರ್ಷ ಸತತವಾಗಿ ದುಡಿದಿದ್ದರೆ, ಪೂರ್ತಿಯಾದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಬರಬೇಕು. ಇಲ್ಲೊಂದು ಮಾತು ಕೇಳಿಬರುತ್ತದೆ: ‘ಆಮದು ಮಾಲಿನಿಂದ ಮುಚ್ಚಬೇಕಾಯ್ತು, ನಮ್ಮ ಕೈಲಿ ಏನಿಲ್ಲ, ಮೂರು ತಿಂಗಳ ಸಂಬಳ ತಗೊಳ್ಳಿ.’ ಮಾಲೀಕರ ಕೈಮೀರಿದ, ತಡೆಯಲಾಗದ ಕಾರಣಕ್ಕೆ ಮುಚ್ಚಿದರೆ ಪರಿಹಾರಕ್ಕೆ ಮೂರು ತಿಂಗಳ ಮಿತಿ ಇರುವುದು ನಿಜ. ಆದರೆ ಬರೀ ನಷ್ಟ, ಹಣದ ಅಡಚಣೆ, ಗೋಡೌನಿನಲ್ಲಿ ಮಾರಾಟವಾಗದೆ ಉಳಿದ ಮಾಲು, ಇವು ಅಂಥ ಕಾರಣಗಳಲ್ಲ ಎಂದು ಕಾನೂನೇ ಬಿಡಿಸಿ ಹೇಳಿದೆ. ಇಪ್ಪತ್ತು ವರ್ಷ ದುಡಿದವರಿಗೆ ಹತ್ತು ತಿಂಗಳ ಸಂಬಳ ಬರಬೇಕಾದ ಕಡೆ ಮೂರಕ್ಕೆ ಒಪ್ಪಿದರೆ ಎಷ್ಟು ದೊಡ್ಡ ನಷ್ಟ, ಅಲ್ವಾ?

ಗ್ರಾಚ್ಯುಟಿ ಬೇರೆ ಲೆಕ್ಕ. ಇದನ್ನು ಪರಿಹಾರದ ಜೊತೆ ಕಲಸಲು ಬಿಡಬೇಡಿ. ಐದು ವರ್ಷ ತುಂಬಿದ್ದರೆ ತಿಂಗಳ ಬೇಸಿಕ್ (ಮೂಲ ಸಂಬಳ) ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ವರ್ಷಗಳಿಂದ ಗುಣಿಸಿ. ₹13,000 ಸಂಬಳ, 10 ವರ್ಷ ಸೇವೆ ಇದ್ದರೆ ₹75,000. ಮಾಲೀಕರು 30 ದಿನದೊಳಗೆ ಕೊಡಬೇಕು.

ನಾಲ್ಕನೆಯದು ಇಎಸ್‌ಐ ನಿರುದ್ಯೋಗ ಭತ್ಯೆ. ಇಷ್ಟು ಒಳ್ಳೆಯ ಯೋಜನೆ ಇಷ್ಟು ಕಡಿಮೆ ಜನಕ್ಕೆ ಗೊತ್ತಿರುವುದು ನನಗೆ ಬೇಸರದ ವಿಷಯ. ಹೆಸರು ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ ಯೋಜನೆ, 2005ರಿಂದ ಇದೆ. ಫ್ಯಾಕ್ಟರಿ ಮುಚ್ಚಿ ಅಥವಾ ರಿಟ್ರೆಂಚ್‌ಮೆಂಟ್ (ಮಾಲೀಕರೇ ಕೆಲಸದಿಂದ ತೆಗೆಯುವುದು) ಆಗಿ ಕೆಲಸ ಹೋದವರಿಗೆ ಮೊದಲ 12 ತಿಂಗಳು ದಿನದ ಸರಾಸರಿ ಸಂಬಳದ ಅರ್ಧ, ಮುಂದಿನ 12 ತಿಂಗಳು ಕಾಲು ಭಾಗ. ಜೊತೆಗೆ ಮನೆಯವರಿಗೂ ಇಎಸ್‌ಐ ಆಸ್ಪತ್ರೆ ಸೌಲಭ್ಯ. ಕೆಲಸ ತಾನಾಗಿ ಬಿಟ್ಟವರಿಗೆ ಇಲ್ಲ. ಇಎಸ್‌ಐ ಆನ್‌ಲೈನ್ ದಾಖಲೆಯಲ್ಲಿ ಕಂಪನಿ ನಿಮ್ಮ ಹೆಸರಿನ ಮುಂದೆ ‘ಲೆಫ್ಟ್ ಸರ್ವಿಸ್’ (ತಾನಾಗಿ ಕೆಲಸ ಬಿಟ್ಟರು) ಎಂದು ಹಾಕಿದ್ದರೆ ತಕರಾರು ಶುರು. ಅಲ್ಲಿ ‘ರಿಟ್ರೆಂಚ್‌ಮೆಂಟ್’ ಎಂದೇ ಹಾಕಿಸಿ. ಇಎಸ್‌ಐ ಬ್ರಾಂಚ್ ಆಫೀಸಿಗೆ ನೀವೇ ಹೋಗಿ. ಏಜೆಂಟರಿಗೆ ಕಮಿಷನ್ ಕೊಡುವ ಅಗತ್ಯ ಇಲ್ಲವೇ ಇಲ್ಲ.

ಪಿಎಫ್ ಕೊನೆಗೆ. ಕಂಪನಿ ಕೆಲಸ ಬಿಟ್ಟ ದಿನಾಂಕ ಹಾಕದೆ ಮಾಯವಾಗಿದ್ದರೆ, ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ನೀವೇ ಆಧಾರ್ ಒಟಿಪಿ ಮೂಲಕ ಹಾಕಬಹುದು. ಪೆನ್ಷನ್ ಭಾಗವನ್ನು ಮಾತ್ರ ದಯವಿಟ್ಟು ಕೀಳಬೇಡಿ. ಪೆನ್ಷನ್‌ಗೆ ಬೇಕಾದ ಹತ್ತು ವರ್ಷ ತುಂಬದಿದ್ದರೆ ಸ್ಕೀಮ್ ಸರ್ಟಿಫಿಕೇಟ್ (ಹಳೆಯ ಸೇವೆಯ ವರ್ಷಗಳ ದಾಖಲೆ ಪತ್ರ) ತೆಗೆದುಕೊಳ್ಳಿ. ಮುಂದೆ ಪಿಎಫ್ ಇರುವ ಇನ್ನೊಂದು ಕೆಲಸ ಸಿಕ್ಕಾಗ ಹಳೆಯ ವರ್ಷಗಳೂ ಸೇರಿ ಹತ್ತಾಗುತ್ತವೆ.