ಹಡಗಿನ ಅಬ್ಸರ್ವೇಶನ್ ಲೌಂಜ್ ನೋಡೋದು ಹೇಗೆ? ಒಂದ್ಸಲ ಸಮುದ್ರಕ್ಕೆ ಬೆನ್ನು ಹಾಕಿ ಕೂತ್ಕೊಳ್ಳಿ

ಕ್ರೂಸ್ ಹೋದವರೆಲ್ಲ ಅಬ್ಸರ್ವೇಶನ್ ಲೌಂಜ್‌ಗೆ, ಅಂದ್ರೆ ದೊಡ್ಡ ಗಾಜಿನ ಕಿಟಕಿಗಳಿಂದ ಸಮುದ್ರ ನೋಡ್ತಾ ಕೂರೋ ಕೋಣೆಗೆ ಹೋಗ್ತಾರೆ, ಗಾಜಿನ ಪಕ್ಕ ಸೀಟ್ ಹಿಡೀತಾರೆ, ನಾಲ್ಕು ಫೋಟೋ ತೆಗೀತಾರೆ, ಎದ್ದು ಬರ್ತಾರೆ. ಆ ರೂಮನ್ನೇ ಯಾರೂ ನೋಡಲ್ವಲ್ಲ ಅಂತ ನನಗೆ ನಿಜವಾಗ್ಲೂ ಬೇಜಾರಾಗುತ್ತೆ.

ಬೆಳಿಗ್ಗೆ ಬೇಗ ಹೋಗಿ, ಜನ ಕಮ್ಮಿ ಇರ್ತಾರೆ. ಬಾಗಿಲ ಹತ್ರ ನಿಂತು ಮೊದಲು ನೆಲ, ಕುರ್ಚಿ ನೋಡಿ. ಒಳ್ಳೆ ಲೌಂಜ್ ಆದ್ರೆ ಮುಂದಿನ ಕುರ್ಚಿಗಳ ಬೆನ್ನು ಗಿಡ್ಡ ಇರುತ್ತೆ, ಹಿಂದಿನ ಸಾಲು ಒಂದೆರಡು ಮೆಟ್ಟಿಲು ಎತ್ತರದಲ್ಲಿ ಇರುತ್ತೆ, ಕೊನೇಲಿ ಕೂತವರಿಗೂ ದಿಗಂತ ಕಾಣ್ಲಿ ಅಂತ. ಆಮೇಲೆ ಗಾಜಿನ ಓರೆ ಗಮನಿಸಿ. ಹಡಗು ನಡೆಸೋ ಬ್ರಿಡ್ಜ್‌ನಲ್ಲಿ ಮುಂದಿನ ಗಾಜಿನ ಮೇಲ್ಭಾಗ 10ರಿಂದ 25 ಡಿಗ್ರಿ ಹೊರಕ್ಕೆ ವಾಲಿರ್ಬೇಕು ಅಂತ ಸೋಲಾಸ್ (ಹಡಗುಗಳ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ) ನಿಯಮಾನೇ ಇದೆ, ಪ್ರತಿಬಿಂಬ ಕಣ್ಣಿಗೆ ಹೊಡೀಬಾರ್ದು ಅಂತ. ಲೌಂಜಿನ ಗಾಜೂ ಹಾಗೆ ವಾಲಿದ್ರೆ ಅದರಲ್ಲಿ ನಿಮ್ಮ ಮುಖದ ಬದಲು ಸೀಲಿಂಗ್ ಕಾಣುತ್ತೆ, ಹಾಗಾಗಿ ಸೀಲಿಂಗ್ ಬಣ್ಣ ಗಾಢವಾಗಿದ್ರೆ ಡಿಸೈನ್ ಮಾಡಿದವರು ಯೋಚ್ನೆ ಮಾಡಿದಾರೆ ಅಂತ ಲೆಕ್ಕ.

ಈಗ ತಿರುಗಿ. ಮುಂದೆಲ್ಲ ಗಾಜು, ಚಿತ್ರ ಹಾಕೋಕೆ ಉಳಿಯೋದು ಹಿಂದಿನ ಗೋಡೆ, ಇಲ್ಲಾಂದ್ರೆ ಬಾರ್ ಮೇಲಿನ ಜಾಗ. 1936ರಲ್ಲಿ ಯಾನ ಶುರು ಮಾಡಿದ ಕ್ವೀನ್ ಮೇರಿ ಹಡಗು ಈಗ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ನಿಂತಿದೆ, ಅದರ ಅಬ್ಸರ್ವೇಶನ್ ಬಾರ್ ಮೇಲೆ ಎ.ಆರ್. ಥಾಮ್ಸನ್ ಬರೆದ ಉದ್ದನೆ ಚಿತ್ರ ಇದೆ. 1935ರಲ್ಲಿ ಬ್ರಿಟನ್ ದೊರೆಯ ಬೆಳ್ಳಿಹಬ್ಬದ ವಾರ, ಬೀದೀಲಿ ಸಾಲಾಗಿ ಕುಣಿಯೋ ಜನ. ಹಡಗು ಸಮುದ್ರದಲ್ಲಿದ್ದಾಗ ಕಿಟಕಿ ಕಡೆ ಒಬ್ಬ ಮನುಷ್ಯನೂ ಕಾಣದಷ್ಟು ನೀರು, ಬೆನ್ನ ಹಿಂದೆ ಅಷ್ಟೊಂದು ಜನರ ಗದ್ದಲ! ಅದನ್ನ ಅಲ್ಲಿ ಹಾಕಿದ್ದು ತುಂಬಾ ಸರಿಯಾದ ಆಯ್ಕೆ ಅಂತ ನನಗನ್ಸುತ್ತೆ.

ಚಿತ್ರದ ಹತ್ರ ಹೋಗಿ ಪಕ್ಕದಿಂದ ಫ್ರೇಮಿನ ಅಂಚು ನೋಡಿ, ಮುಟ್ಬೇಡಿ. ಮನೇಲಿ ಥರ ಮೊಳೆಗೆ ದಾರ ಕಟ್ಟಿ ನೇತಾಕಿರಲ್ಲ, ಹಡಗು ತೂಗುತ್ತೆ, ಇಂಜಿನ್ ನಡುಕ ಬೇರೆ, ಅದಕ್ಕೆ ಗೋಡೆಗೇ ಬಿಗಿದಿರ್ತಾರೆ. ದಿನವಿಡೀ ಬಿಸಿಲು ಬೀಳೋ ಜಾಗದಲ್ಲಿ ಜಲವರ್ಣ ಬೇಗ ಮಾಸುತ್ತೆ, ಅಲ್ಲಿಗೆ ಲೋಹ, ಗಾಜು, ಸೆರಾಮಿಕ್ಕೇ ವಾಸಿ.

ರಾತ್ರಿ ಇನ್ನೊಂದ್ಸಲ ಹೋಗ್ಲೇಬೇಕು. ಒಳಗಿನ ಬೆಳಕು ಮುಂದಕ್ಕೆ ಚೆಲ್ಲಿದ್ರೆ ಬ್ರಿಡ್ಜ್‌ನಲ್ಲಿ ಕತ್ತಲಿಗೆ ಕಣ್ಣು ಹೊಂದಿಸ್ಕೊಂಡು ಕಾವಲಿರೋರಿಗೆ ತೊಂದ್ರೆ, ಅದಕ್ಕೆ ಎಷ್ಟೋ ಹಡಗಲ್ಲಿ ಮುಂದಿನ ಪರದೆ ಎಳೆದಿರ್ತಾರೆ. ಅದನ್ನ ಸರಿಸ್ಬೇಡಿ. ಬೆಳಿಗ್ಗೆ ಯಾರೂ ಕೂರದ ಆ ಹಿಂದಿನ ಮೂಲೆ ಸೀಟಲ್ಲಿ ಕೂತು ನೋಡಿ, ಚಿತ್ರದ ಮೇಲಿನ ಸಣ್ಣ ದೀಪ ಬಿಟ್ರೆ ಕಣ್ಣಿಗೆ ಬೇರೇನೂ ಬೀಳಲ್ಲ.