ಎರಡು ಡೋಸ್ ಕೈಕೊಟ್ಟರೂ ಎಲ್‌ಸಿ50 ಸಿಕ್ಕಿತು

ಎಲ್‌ಸಿ50, ಅಂದ್ರೆ ಅರ್ಧದಷ್ಟು ಹುಳುಗಳನ್ನು ಕೊಲ್ಲುವ ಡೋಸ್, ಕಂಡುಹಿಡಿಯೋಕೆ ಪ್ರೊಬಿಟ್ (ಡೋಸ್‌ಗೂ ಸಾವಿಗೂ ಗೆರೆ ಎಳೆಯುವ ಲೆಕ್ಕ) ಬಿಟ್ಟು ಟ್ರಿಮ್ಡ್ ಸ್ಪಿಯರ್‌ಮನ್-ಕಾರ್ಬರ್ (ಎರಡೂ ತುದಿ ಕತ್ತರಿಸಿ ಸರಾಸರಿ ತೆಗೆಯುವ ಲೆಕ್ಕ) ಹಾಕ್ತೀನಿ ಅಂದಾಗ ಲ್ಯಾಬ್‌ನಲ್ಲಿ ನಕ್ಕವರೇ ಜಾಸ್ತಿ. "ಅದು ಮೀನಿನವರ ಲೆಕ್ಕ ಕಣಪ್ಪಾ" ಅಂದರು ಒಬ್ಬ ಸೀನಿಯರ್. ನಿಜ, 1977ರಲ್ಲಿ ಹ್ಯಾಮಿಲ್ಟನ್ ಮತ್ತು ಜೊತೆಯವರು ಅದನ್ನು ತಂದದ್ದು ನೀರಿನ ಜೀವಿಗಳ ವಿಷ ಪರೀಕ್ಷೆಗೇ. ಆದರೆ ಸತ್ತವು ಎಷ್ಟು, ಉಳಿದವು ಎಷ್ಟು ಅನ್ನುವ ಲೆಕ್ಕಕ್ಕೆ ಮೀನಾದರೇನು, ಹುಳುವಾದರೇನು?

ನನ್ನದು ಮೆಕ್ಕೆಜೋಳದ ಫಾಲ್ ಸೈನಿಕ ಹುಳು. 2018ರಲ್ಲಿ ಶಿವಮೊಗ್ಗ ಕಡೆ ಮೊದಲು ಕಂಡಿತಲ್ಲ, ಅದೇ. ಔಷಧಿ ಇಮಾಮೆಕ್ಟಿನ್ ಬೆಂಜೋಯೇಟ್, ಎಲೆ ಅದ್ದುವ ವಿಧಾನ. ಮೊದಲ ಸಲ ಒಂದು ಡಬ್ಬಿಗೆ ಹತ್ತು ಹುಳು ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ನಾಲ್ಕೇ, ಅವೂ ದಪ್ಪಗೆ! ಪಕ್ಕದಲ್ಲಿ ತಲೆಚಿಪ್ಪುಗಳು. ಒಂದನ್ನೊಂದು ತಿಂದಿದ್ದವು. ಆಹಾರ, ಅಗಾರ್ ಎಲ್ಲ ಸೇರಿ ಮೂರು ಸಾವಿರ ನೀರುಪಾಲು. ಹುಳುಗಳನ್ನು ಬೇರೆ ಬೇರೆ ಇಡುವ 24 ಗುಂಡಿಯ ಟ್ರೇಗೆ ದುಡ್ಡಿರಲಿಲ್ಲ. ಹೋಟೆಲ್‌ನವರ ಚಟ್ನಿ ಪಾರ್ಸೆಲ್ ಡಬ್ಬಿ ತಂದೆ, ಮುಚ್ಚಳಕ್ಕೆ ಸೂಜಿಯಲ್ಲಿ ತೂತು ಹಾಕಿದೆ, ಡಬ್ಬಿಗೊಂದು ಹುಳು. ಎಲೆ ಮೂರು ದಿನ ಬಾಡದ ಹಾಗೆ ಇಟ್ಟದ್ದು ಹೇಗೆ ಅಂತ ಮಾತ್ರ ಈಗ ಹೇಳಲ್ಲ.

ಐದು ಡೋಸ್, 0.05ರಿಂದ 0.8 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು), ತಲಾ ಮೂವತ್ತು ಹುಳು. ಸತ್ತದ್ದು 6, 4, 10, 25, 26. ಔಷಧಿ ಇಲ್ಲದ ಕಂಟ್ರೋಲ್‌ನಲ್ಲಿ ಸೊನ್ನೆ. ಕಡಿಮೆ ಡೋಸ್‌ನಲ್ಲಿ ಆರು ಸಾಯೋದು ಅಂದ್ರೆ? ಆ ಬ್ಯಾಚನ್ನು ಬ್ರಷ್ ಬಿಟ್ಟು ಚಿಮುಟದಲ್ಲಿ ಎತ್ತಿದ್ದೆ, ನನ್ನದೇ ತಪ್ಪು. ಎಲ್ಲಕ್ಕಿಂತ ಹೆಚ್ಚಿನ ಡೋಸ್‌ನಲ್ಲಿ ನಾಲ್ಕು ಹುಳು ಎಲೆ ಮುಟ್ಟದೆ ಮುಚ್ಚಳಕ್ಕೆ ಅಂಟಿಕೊಂಡು ಕೂತಿದ್ದವು.

ಪ್ರೊಬಿಟ್‌ನಲ್ಲಿ ಕೈ-ಸ್ಕ್ವೇರ್ (ಅಂಕಿಗಳು ಗೆರೆಯಿಂದ ಎಷ್ಟು ದೂರ ಅನ್ನುವ ಅಳತೆ) ಹತ್ತು ದಾಟಿತು, ಅಂದ್ರೆ ಗೆರೆ ಸರಿಯಾಗಿ ಕೂರಲಿಲ್ಲ. ಎಲ್‌ಸಿ50ರ ಲಿಮಿಟ್, ಅಂದ್ರೆ ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ, 0.1ರಿಂದ 0.6ರ ತನಕ ಹರಡಿಕೊಂಡಿತು. "ಆ ಎರಡು ಡೋಸ್ ಕಿತ್ತಾಕು, ಯಾರು ನೋಡ್ತಾರೆ?" ಅಂತ ಸಲಹೆ ಬಂತು. ಕಿತ್ತುಹಾಕಿದರೆ ಉಳಿಯೋದು ಮೂರೇ ಬಿಂದು, ಅದಕ್ಕೆ ಗೆರೆ ಎಳೆಯೋದು ಸುಮ್ನೆ ನಾಟಕ ಅಲ್ವಾ?

ಹೊಸ ಲೆಕ್ಕದಲ್ಲಿ ಟ್ರಿಮ್, ಅಂದ್ರೆ ಸಾವಿನ ಪ್ರಮಾಣದ ಎರಡೂ ತುದಿಯಿಂದ ಕತ್ತರಿಸುವ ಪಾಲು, 10 ಪರ್ಸೆಂಟ್ ಕೊಟ್ಟೆ, ಲೆಕ್ಕ ಓಡಲೇ ಇಲ್ಲ. ಓಡೋದಿಲ್ಲ ಕೂಡ: ಮೊದಲೆರಡು ಡೋಸ್ ಸೇರಿಸಿ ಸಮ ಮಾಡಿದ ಮೇಲೂ ಕೆಳತುದಿಯ ಸಾವು 17 ಪರ್ಸೆಂಟ್ ಹತ್ತಿರ ನಿಂತಿತ್ತು, 10ರ ತನಕ ಇಳಿದಿರಲಿಲ್ಲ. 20 ಕೊಟ್ಟೆ. 0.24 ಬಂತು, ಲಿಮಿಟ್ ಸುಮಾರು 0.19ರಿಂದ 0.3. ಬೀಗೋಕೆ ಹೋಗಬೇಡಿ. ಡೋಸ್‌ನಿಂದ ಡೋಸ್‌ಗೆ ಬಂದ ಏರುಪೇರನ್ನು ಇದು ಲಿಮಿಟ್‌ಗೆ ಸೇರಿಸುವುದಿಲ್ಲ, ಅದಕ್ಕೇ ಅಷ್ಟು ಕಿರಿದು. ಸ್ಲೋಪೂ (ಗೆರೆಯ ಇಳಿಜಾರು) ಸಿಗಲ್ಲ, ಎಲ್‌ಸಿ90 (ನೂರಕ್ಕೆ ತೊಂಬತ್ತನ್ನು ಕೊಲ್ಲುವ ಡೋಸ್) ಬೇಕಾದವರಿಗೆ ಇದು ಆಗಿಬರಲ್ಲ.

ಮತ್ತೆ ಎರಡು ಸಾವಿರ ಕೈಯಿಂದ ಹಾಕಿ, ಬ್ರಷ್‌ನಲ್ಲೇ ಎತ್ತಿ, ಪೂರ್ತಿ ಮರುಮಾಡಿದೆ. ಈ ಸಲ 1, 4, 11, 23, 30. ಪ್ರೊಬಿಟ್ ಚೆನ್ನಾಗಿ ಕೂತಿತು. ಎಲ್‌ಸಿ50? ಅದೇ 0.24ರ ಆಸುಪಾಸು. ಸೀನಿಯರ್ ಶೀಟನ್ನು ಎರಡು ಸಲ ನೋಡಿ, ಆ ಎಕ್ಸೆಲ್ ಫೈಲ್ ಕಳಿಸು ಅಂದರು.

ಮುಚ್ಚಳಕ್ಕೆ ಅಂಟಿದ್ದ ಆ ನಾಲ್ಕನ್ನು ಎಸೆದಿರಲಿಲ್ಲ. ಒಂದು ದಿನ ಉಪವಾಸ ಕೆಡವಿ, ಅದೇ ಡೋಸ್‌ನ ಹೊಸ ಎಲೆ ಕೊಟ್ಟೆ. ಮೂರು ಸತ್ತವು. ನಾಲ್ಕನೆಯದು ಕೋಶವಾಗಿ, ಪತಂಗವಾಗಿ, ಪಂಜರದ ಮೂಲೆಯಲ್ಲಿ ಹಾರಾಡ್ತಿತ್ತು.